ಅವ್ವನ ಪ್ಲಸ್ ಕನ್ನಡಕ

ಆಗೆಲ್ಲ ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಕೊಡುತ್ತಿದ್ದರು. ಹಾಕಿಕೊಂಡರೆ ಮುದುಕರ ಕಣ್ಣು ಎದುರಿನವರಿಗೆ ಎಮ್ಮೆಯ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ತೊಂಬತ್ತರ ದಶಕದಲ್ಲಿ ಕಾಗವಾಡದ ಶಿಬಿರದಲ್ಲಿ ಆಪರೇಷನ್ ಮಾಡಿಸಿಕೊಂಡ ನನ್ನ ಅವ್ವ ಅದಕ್ಕಾಗಿ ವಾರಗಟ್ಟಲೆ ಕಾದಳು. ಅವಳಿಗೆ ಮತ್ತೆ ಒಲೆ ಮುಂದೆ ಕೂಡಬೇಕಿತ್ತು. ಶೇಡಬಾಳದ ನಮ್ಮ ಜೈನರ ಮನೆಯಲ್ಲಿ ಬೇಳೆಯೊಳಗಿನ ಹುಳು ಕಾಣದವರು ಅಡುಗೆಗೆ ಕೈ ಹಾಕುವಂತಿರಲಿಲ್ಲ. ಒಂದು ಜೀವ ಹೋದರೂ ಪಾಪ.

ಕನ್ನಡಕ ಬಂದ ಸಂಜೆ ಕರೆಂಟ್ ಇರಲಿಲ್ಲ. ನಾನೇ ಅವಳ ಕಿವಿಗೆ ಸಿಕ್ಕಿಸಿದೆ.

"ಏನೂ ಕಾಣವಲ್ದು ಯವ್ವಾ. ಮೊದಲಿನಷ್ಟೂ ಇಲ್ಲ. ಕಣ್ಣು ಹೋದುವು."

ಓಣಿಯಿಂದ ಶಿಬಿರಕ್ಕೆ ಹೋಗಿದ್ದ ಉಳಿದ ಮುದುಕರೂ ಹೀಗೇ ಅಳುತ್ತಿದ್ದರು. ಬೆಳಿಗ್ಗೆ ಅವ್ವ ಗೋಡೆ ಹಿಡಿದುಕೊಂಡು ಬಸದಿಗೆ ಹೋಗಿ ಬಂದಳು. "ನೇಮ ತಗೊಂಡ್ನಿ. ಸಾಯೂತನಕ ಒಲಿ ಮುಟ್ಟೂದಿಲ್ಲ."

ಸಿಟ್ಟಿಗೆ ಅವಳನ್ನು ಅಂಗಳದ ಬಿಸಿಲಿಗೆ ಕರೆತಂದು ಮತ್ತೆ ಕನ್ನಡಕ ಹಾಕಿದೆ. ಗಾಜಿನ ಹಿಂದೆ ಅವ್ವನ ಕಣ್ಣು ಮೆಣಸಿನಕಾಳಿನಷ್ಟು ಸಣ್ಣದಾಗಿತ್ತು. ಪತ್ರಿಕೆಯ ಮೇಲೆ ಹಿಡಿದರೆ ಅಕ್ಷರಗಳೂ ಕುಗ್ಗಿದವು. ದೊಡ್ಡದು ಮಾಡುವ ಪ್ಲಸ್ ಗಾಜಿನ ಬದಲು ಸಣ್ಣದು ಮಾಡುವ ಮೈನಸ್ ಗಾಜು ಬಂದಿತ್ತು.

ನಾನು ಚಿಕ್ಕೋಡಿಯಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದೆ. ಶಿಬಿರದ ಕನ್ನಡಕಗಳ ನಂಬರುಗಳನ್ನು ಟೈಪ್ ಮಾಡಿಕೊಟ್ಟವರು ನಮ್ಮ ಕ್ಲಾಸಿನ ಮಾಸ್ತರರೇ. ಅದೇ ದಿನ ಬಸ್ ಹತ್ತಿದೆ.

"ಸರ್, ನಮ್ಮವ್ವಂದು ಪ್ಲಸ್ ಹತ್ತು ಇರಬೇಕಾಗಿತ್ತು. ಮೈನಸ್ ಬಂದೈತ್ರಿ."

ಅವರು ಪ್ರೋಗ್ರಾಂ ತೆರೆದರು. ಹಿಂದಿನ ತಿಂಗಳು ದೂರದ್ದು ಕಾಣದ ಶಾಲೆಮಕ್ಕಳ ನಂಬರುಗಳಿದ್ದವು, ಎಲ್ಲವೂ ಮೈನಸ್. ಪ್ರತಿ ಸಲ ಆ ಗೆರೆ ಒತ್ತಲು ಬೇಸರವಾಗಿ, ಅರೇ ಎಂಬ ಪಟ್ಟಿಯಲ್ಲಿ ತುಂಬಿದ ಅಂಕಿಗಳನ್ನೆಲ್ಲ ಒಂದೊಂದಾಗಿ ಮೈನಸ್ ಒಂದರಿಂದ ಗುಣಿಸುವ ಸಾಲೊಂದನ್ನು ಬರೆದಿದ್ದರು. ಮುದುಕರ ನಂಬರುಗಳೂ ಅದೇ ಸಾಲನ್ನು ದಾಟಿ ಬಂದಿದ್ದವು. ಕಂಪ್ಯೂಟರ್ ಒಬ್ಬರನ್ನೂ ಬಿಟ್ಟಿರಲಿಲ್ಲ. ಕನ್ನಡಕದವನೂ ಕಣ್ಣುಮುಚ್ಚಿಕೊಂಡು ಮಾಡಿಕೊಟ್ಟಿದ್ದ.

"ಆ ಸಾಲು ತಗಿಯೂದು ಮರತೆ ನೋಡವಾ," ಎಂದರು.

"ನಿಮ್ಮ ಅವ್ವಗ ಇದನ್ನ ಹಾಕಿ ನೋಡ್ರಿ!" ಎಂದು ಕಿರುಚಿದೆ. ಇಡೀ ಕ್ಲಾಸು ತಿರುಗಿ ನೋಡಿತು. ಮಾಸ್ತರರು ಆ ಸಾಲನ್ನು ಅಳಿಸಿದರು. ಅಷ್ಟೇ ಕೆಲಸ. ಇಷ್ಟು ಜನರನ್ನು ಕುರುಡು ಮಾಡಿದ್ದು ಇಷ್ಟೇ ಇಷ್ಟು ಎಂದು ನನಗೆ ನಂಬಲಾಗಲಿಲ್ಲ.

ಹೊಸ ಕನ್ನಡಕ ಬಂತು. ಅವ್ವನ ಕಣ್ಣುಗಳು ದೊಡ್ಡದಾಗಿ ಅರಳಿದವು. ನಾನು ಬೇಳೆ ಆರಿಸುತ್ತಿದ್ದ ಮೊರದತ್ತ ಬಗ್ಗಿ ನೋಡಿದಳು.

"ಅಲ್ಲೈತಿ ನೋಡು ಹುಳ, ಮೂಲ್ಯಾಗ."

ಖುಷಿಗೆ ನನಗೆ ಅಳು ಬಂತು. ಮೊರವನ್ನು ಅವಳ ಮುಂದೆ ತಳ್ಳಿದೆ. "ಇನ್ನ ನೀನ ಅಡಗಿ ಮಾಡವ್ವಾ. ನಿನ್ನ ಕಣ್ಣು ಹೋಗಿರಲೇ ಇಲ್ಲ, ಕಂಪ್ಯೂಟರ್ ತಪ್ಪಾಗಿತ್ತು."

"ನಾ ನೇಮ ತಗೊಂಡಿದ್ದು ಕಂಪ್ಯೂಟರ್ ಮುಂದಲ್ಲ, ದೇವರ ಮುಂದ," ಎಂದಳು ಅವ್ವ.

ಹುಳುವನ್ನು ಬೆರಳ ತುದಿಗೆ ಹತ್ತಿಸಿಕೊಂಡು ಹಿತ್ತಲಲ್ಲಿ ಬಿಟ್ಟು ಬಂದಳು. ಆಮೇಲೆ ಅಡುಗೆಮನೆಯ ಹೊಸ್ತಿಲ ಹೊರಗೆ ಕುಳಿತಳು. ಅವಳ ಕೈಯ ಬೇಳೆಸಾರು ನನಗೆ ಮತ್ತೆ ಸಿಗಲಿಲ್ಲ.