ಈರಪ್ಪಣ್ಣನ ಪಾರ್ಟ್ನರ್

ಈರಪ್ಪಣ್ಣ ಯಾರನ್ನೂ ಬರೀ ಹೆಸರು ಹೇಳಿ ಪರಿಚಯ ಮಾಡಿಕೊಟ್ಟವರಲ್ಲ. ಮೊದಲು ಒಂದು ಇಂಗ್ಲಿಷ್ ಪದವಿ, ಆಮೇಲೆ ಹೆಸರು. ರಬಕವಿಯ ಅವರ ಸೀರೆ ಅಂಗಡಿಯ ಗಾದಿ ಮೇಲೆ ಕೂತ ಯಾರಿಗೂ ಇದು ತಪ್ಪುತ್ತಿರಲಿಲ್ಲ. “ಇವರು ನಮ್ಮ ಕ್ಲಾಸ್‌ಮೇಟ್‌ರಿ, ಮ್ಯಾಟ್ರಿಕ್‌ನಾಗ ಗಣಿತಕ್ಕ ಕೂಡೇ ನಾಪಾಸ ಆದವರು.” “ಇವರು ರೂಮ್‌ಮೇಟ್, ಧಾರವಾಡದಾಗ ಒಂದು ವರ್ಷ ನನ್ನ ಗೊರಕಿ ತಡಕೊಂಡಾರ.” ಹೆಂಡತಿಯ ತಂಗಿಯ ಗಂಡ ಬಂದರೆ ಕೋ-ಬ್ರದರ್. ಒಮ್ಮೆ ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರ ಹೆಗಲ ಮೇಲೆ ಕೈ ಹಾಕಿ ಎಳೆದುಕೊಂಡೇ ಬಂದರು. “ಟ್ರಾವೆಲ್‌ಮೇಟ್‌ರಿ! ಪಂಢರಪುರಕ್ಕ ಒಂದಽ ಟೆಂಪೋದಾಗ ಹೋಗಿದ್ವಿ.” ಹೆಸರು ಮಾತ್ರ ಅವರಿಗೆ ನೆನಪಿರಲಿಲ್ಲ. ಪಾಪ, ಆ ಮನುಷ್ಯನೇ ನಗುತ್ತ ಹೇಳಿಕೊಂಡ.

ಇದನ್ನೆಲ್ಲ ಬರೆಯುವಾಗ ನಗು ಬರಬೇಕಿತ್ತು. ಬರುತ್ತಿಲ್ಲ. ಯಾಕೆ ಅನ್ನುವುದನ್ನೂ ಹೇಳಿಬಿಡುತ್ತೇನೆ.

ನಾನು ಪಕ್ಕದ ಬನಹಟ್ಟಿಯಲ್ಲಿ ಹೈಸ್ಕೂಲು ಮಾಸ್ತರ. “ಇಷ್ಟೆಲ್ಲ ಯಾಕ್ರಿ, ದೋಸ್ತ ಅಂದ್ರ ಸಾಕಲ್ಲ?” ಎಂದು ಒಮ್ಮೆ ಕೆಣಕಿದ್ದೆ. ಸೀರೆ ಮಡಚುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. “ದೋಸ್ತ ಅಂದ್ರ ಊರಮಂದೆಲ್ಲಾ ದೋಸ್ತರಽರಿ ಸರ. ಯಾರ ಜೋಡಿ ಏನು ಮಾಡೀವಿ ಅನ್ನೂದು ತಿಳೀಬೇಕೋ ಬ್ಯಾಡೋ? ಇಂಗ್ಲಿಷಿನವರು ಶಾಣ್ಯಾರು. ಒಂದೊಂದು ಕೆಲಸಕ್ಕ ಒಂದೊಂದು ಮೇಟ್ ಇಟ್ಟಾರ. ಪಗಾರ ಇಲ್ಲದ ನೌಕರಿ ನೋಡ್ರಿ ಅದು!”

ಪೇಟೆಯ ಹಿಂದಿನ ಕ್ಲಬ್ಬಿನಲ್ಲಿ ನಾವಿಬ್ಬರೂ ಕ್ಯಾರಂ ಆಡತೊಡಗಿದಾಗ ನನಗೂ ನೌಕರಿ ಸಿಕ್ಕಿತು. ಜೋಡಿ ಆಟದಲ್ಲಿ ನಮ್ಮ ಕಡೆಯವರು ಎದುರಿಗೆ ಕೂಡುತ್ತಾರೆ. ಎದುರಿಗೆ ಕೂತು, ಪೌಡರು ಹತ್ತಿದ ಕೈಯಿಂದಲೇ ನನ್ನ ಕೈ ಕುಲುಕಿ ಹೇಳಿದರು, “ನೀವು ಪಾರ್ಟ್ನರ್. ಯಾಪಾರದಾಗ ಪಾರ್ಟ್ನರ್ ಇಟಗೋಬ್ಯಾಡ ಅಂತ ನಮ್ಮಪ್ಪ ಹೇಳಿ ಸತ್ತಾನ. ಹಿಂಗಾಗಿ ಆ ಜಾಗಾ ಖಾಲಿ ಉಳದಿತ್ತು.” ಅಂದಿನಿಂದ ಸರ ಹೋಗಿ ಪಾರ್ಟ್ನರ್ ಆದೆ. ನನ್ನ ಹೊಡೆತ ತಪ್ಪಿದರೆ, “ಇರ್ಲಿ ಪಾರ್ಟ್ನರ್, ನಾ ಅದೇನಿ” ಎನ್ನುತ್ತಿದ್ದರು. ತಮ್ಮದು ತಪ್ಪಿದರೆ ಎಡಗೈಯಿಂದ ಬಲಗೈಗೆ ಒಂದು ಏಟು ಕೊಟ್ಟು, “ಇದಕ್ಕ ಉಣ್ಣಾಕ ಹಾಕೂದು ದಂಡ” ಎಂದು ಬೈದುಕೊಳ್ಳುತ್ತಿದ್ದರು. ಮಗಳ ಮದುವೆಯಲ್ಲಿ ಬೀಗರ ಸಾಲಿನಲ್ಲಿ ನನ್ನನ್ನು ಕೂಡಿಸಿ, “ಇವರು ಪಾರ್ಟ್ನರ್, ನನಗ ಇವರೊಬ್ಬರಽ” ಎಂದದ್ದಕ್ಕೆ ಬೀಗರು ನಾನು ಅಂಗಡಿಯ ಪಾಲುದಾರನೆಂದೇ ತಿಳಿದು ಎರಡೆರಡು ಹೋಳಿಗೆ ಬಡಿಸಿದರು.

ಆಮೇಲೆ ಆ ಬಲಗೈ ನಡುಗಲು ಶುರುವಾಯಿತು. ಮೊದಮೊದಲು ಅಂಗಡಿಯಲ್ಲಿ ಗಿರಾಕಿ ಎದುರು ಕೈಯನ್ನು ಒರಗುವ ಲೋಡಿನ ಕೆಳಗೆ ಅಡಗಿಸುತ್ತಿದ್ದರು. ಬೋರ್ಡಿನ ಮುಂದೆ ಎಲ್ಲಿ ಅಡಗಿಸುವುದು? ಸ್ಟ್ರೈಕರ್ ಎತ್ತೆತ್ತಲೋ ಹೋಗುತ್ತಿತ್ತು. ಮುಧೋಳದಲ್ಲಿ ಪಂದ್ಯವಿತ್ತು. “ಮಾಸ್ತರ, ಈ ಸಲ ನಮ್ಮ ಕ್ಲಬ್ಬಿನ ವಕೀಲರ ತಮ್ಮನ್ನ ಜೋಡಿ ಹಾಕ್ಕೋರಿ, ಗೆದ್ದು ಬರ್ರಿ” ಎಂದು ಕ್ಲಬ್ಬಿನವರು ಅಂದರು. ನನಗೂ ಗೆಲ್ಲುವ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ? ಆಯಿತು ಎಂದೆ. ಆದರೆ ಈರಪ್ಪಣ್ಣನಿಗೆ ಹೇಳುವವರು ಯಾರು? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಪೈಕಿ ನಾನು. ಬೇರೆ ಯಾರಾದರೂ ಹೇಳುತ್ತಾರೆ ಬಿಡು ಎಂದು ಸುಮ್ಮನಿದ್ದೆ. ಯಾರೂ ಹೇಳಲಿಲ್ಲ.

ಮರುದಿನ ಸಂಜೆ ಈರಪ್ಪಣ್ಣ ಇಸ್ತ್ರಿ ಅಂಗಿ ತೊಟ್ಟು ಕ್ಲಬ್ಬಿಗೆ ಬಂದರು. ನನ್ನೆದುರಿನ ಕುರ್ಚಿಯಲ್ಲಿ ವಕೀಲರ ತಮ್ಮ ಕೂತಿದ್ದ. ನಾನು ತಲೆ ಎತ್ತದೆ ಬೋರ್ಡಿನ ಮೇಲೆ ಕಾಯಿ ಹೊಂದಿಸುತ್ತಲೇ ಇದ್ದೆ. ಅವರು ಆ ಕುರ್ಚಿ ನೋಡಿದರು. “ಛಲೋ ಆತು ಬಿಡ್ರಿ, ನನಗ ಕಣ್ಣೂ ಸಾಲಂಗಿಲ್ಲ” ಎಂದು ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ನಮಗೆ ಪೌಡರು ಹಾಕಿಕೊಟ್ಟರು. ನಡುಗುವ ಕೈ, ಅರ್ಧ ಪೌಡರು ನೆಲಕ್ಕೆ ಚೆಲ್ಲಿತು. ಅದನ್ನು ತಮ್ಮ ಧೋತರದ ಚುಂಗಿನಿಂದ ಒರೆಸಿದರು. ನಾನು ಸ್ಟ್ರೈಕರ್ ಎತ್ತಿಕೊಂಡು ಆಟ ಶುರು ಮಾಡಿದೆ.

ಮುಧೋಳದಲ್ಲಿ ಗೆದ್ದೆವು. ಈರಪ್ಪಣ್ಣ ಕ್ಲಬ್ಬಿಗೆಲ್ಲ ಪೇಢೆ ಹಂಚಿದರು. ಅದೇ ಕೊನೆ, ಮತ್ತೆ ಬರಲಿಲ್ಲ. ಇವತ್ತು ಹೋಗಿ ಮಾತಾಡಿಸಬೇಕು, ನಾಳೆ ಹೋಗಬೇಕು ಅನ್ನುತ್ತಲೇ ಇದ್ದೆ. ಖರೆ ಅಂದರೆ ಅವರ ಅಂಗಡಿ ತಪ್ಪಿಸಲು ನೇಕಾರರ ಓಣಿ ಸುತ್ತುಹಾಕಿ ಹೋಗುತ್ತಿದ್ದೆ. ಒಮ್ಮೆ ದೂರದಿಂದ ಅವರು ಕೈ ಎತ್ತಿದ್ದು ಕಂಡಿತು. ಮಗ್ಗಗಳ ಸಪ್ಪಳದಲ್ಲಿ ಕರೆದದ್ದು ಕೇಳಿಸಲಿಲ್ಲವೆಂಬಂತೆ ಗಾಡಿ ಬಿಟ್ಟೆ. ನಾಚಿಕೆಗೇಡಿ.

ಅವರು ತೀರಿಕೊಂಡದ್ದು ಈ ಚಳಿಗಾಲದಲ್ಲಿ. ಮಣ್ಣಿಗೆ ಹೋದೆ, ಮಂದಿಯ ಹಿಂದೆ ನಿಂತು ಬಂದೆ. ಕೆಲವು ದಿನ ಬಿಟ್ಟು ಮನೆಗೆ ಹೋದಾಗ ಅವರ ಹೆಂಡತಿ ಶಾಂತಾ ವೈನಿ ನನ್ನನ್ನು ನೋಡಿದ್ದೇ ಸೆರಗು ಬಾಯಿಗೆ ಹಚ್ಚಿ ಅತ್ತರು. ನಾನೂ ಅತ್ತೆ. ಕಣ್ಣೊರೆಸಿಕೊಂಡು ಅವರೇ ಮಾತು ತೆಗೆದರು.

“ಮಾಸ್ತರ, ನಿಮ್ಮ ಮ್ಯಾಲೆ ಅವರಿಗೆ ಭಾಳ ಜೀವರಿ. ‘ನನ್ನ ಕೈ ನೆಟ್ಟಗಿಲ್ಲ, ನೀವು ಬ್ಯಾರೇದವರನ್ನ ಜೋಡಿ ಹಾಕ್ಕೋರಿ ಅಂತ ನಾನಽ ಪಾರ್ಟ್ನರ್‌ಗೆ ಹೇಳಿ ಬಂದೆ, ಅವರು ಒಲ್ಲೆ ಒಲ್ಲೆ ಅಂತ ಕಣ್ಣಾಗ ನೀರ ತಗದ್ರು’ ಅಂತ ಮನ್ಯಾಗ ಎಲ್ಲಾರ ಮುಂದ ಹೇಳ್ಯಾರ. ಖರೇನಽ ಅತ್ತಿದ್ರೇನ್ರಿ?”

ಇಲ್ಲ ವೈನಿ, ಅವರು ಹಂಗ ಹೇಳೇ ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಮಗ, ಸೊಸೆ, ಮೊಮ್ಮಗಳು ಎಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು.

“ಹೌದ್ರಿ ವೈನಿ,” ಅಂದೆ, “ನಾ ಭಾಳ ಬ್ಯಾಡಾ ಅಂದೆ. ಅವರಽ ಕೇಳಲಿಲ್ಲ.”