ಚೌಕಟ್ಟಿಗೆ ಒರಗಿದವರು

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕಾಜಾ ಅಕ್ಕ ಎನ್ನುತ್ತಾರೆ. ಅಂಗಿಯಲ್ಲಿ ಗುಂಡಿ ತೂರಿಸುವ ಸೀಳು ಇರುತ್ತದಲ್ಲ, ಅದೇ ಕಾಜಾ. ಅದನ್ನು ಹೊಲಿಯುವ ಯಂತ್ರದ ಮುಂದೆಯೇ ಅವಳ ಪ್ರಾಯವೆಲ್ಲ ಕಳೆದಿದೆ. ಅಲ್ಲಿ ಗಂಟೆ ಹೊಡೆಯುವವರೆಗೆ ಏಳುವಂತಿಲ್ಲ, ಹಾಗಾಗಿ ಬೆನ್ನುನೋವು. ಮನೆಯಲ್ಲಿ ಎಲ್ಲರದೂ ಮುಗಿಯುವವರೆಗೆ ಕೂರುವಂತಿಲ್ಲ, ಹಾಗಾಗಿ ಕಾಲೂತ. "ನನ್ನ ಸೊಂಟದ ಮೇಲಿನದು ಮಾಲೀಕನ ಪಾಲು, ಕೆಳಗಿನದು ಗಂಡನ ಪಾಲು" ಎಂದು ಅವಳು ಒಮ್ಮೆ ಊಟದ ಬಿಡುವಿನಲ್ಲಿ ಹೇಳಿದಾಗ ಪಕ್ಕದ ಯಂತ್ರದವಳು ಬಾಯಿಗೆ ಸೆರಗು ಹಿಡಿದು, "ಥೂ, ಏನ್ ಮಾತೂಂತ ಆಡ್ತೀಯೇ, ಹಬ್ಬ ಹತ್ರ ಬಂತು" ಎಂದು ಬೆನ್ನಿಗೆ ಗುದ್ದಿದ್ದಳು.

ಹಬ್ಬ ಹತ್ತಿರ ಬಂದಿದೆ ಎಂಬುದೇ ಅವಳ ಚಿಂತೆಯಾಗಿತ್ತು.

ಅವಳ ಮನೆಯಲ್ಲಿ ಅಡಿಗೆಮನೆಗೂ ಮುಂದಿನ ಕೋಣೆಗೂ ನಡುವೆ ಕದವಿಲ್ಲ, ಬರೀ ಮರದ ಚೌಕಟ್ಟು. ಊಟದ ಮೇಜು ಮುಂದಿನ ಕೋಣೆಯಲ್ಲಿ. ಕ್ರಿಸ್ಮಸ್ ಮಧ್ಯಾಹ್ನ ಮನೆಯವರೆಲ್ಲ ಮೇಜಿಗೆ ಕೂತರೆ ಅತ್ತೆ ಆ ಚೌಕಟ್ಟಿಗೆ ಎಡಭುಜ ಒರಗಿಸಿ ನಿಲ್ಲುತ್ತಿದ್ದರು. ಯಾರ ತಟ್ಟೆ ಬರಿದಾಗುತ್ತದೆ, ಯಾರ ಕೈ ತಡವರಿಸುತ್ತದೆ ಎಂದು ನೋಡಿ ಅವರು ಬಾಯಿ ತೆರೆಯುವ ಮೊದಲೇ ರಬ್ಬರ್ ಚಪ್ಪಲಿ ಉಜ್ಜುತ್ತ ತಂದು ಬಡಿಸುತ್ತಿದ್ದರು. ಬನ್ನಿ ಕೂತ್ಕೊಳ್ಳಿ ಎಂದು ಯಾರಾದರೂ ಬಾಯಿಮಾತಿಗೆ ಅಂದರೆ, "ಮೊದಲು ನಿಮ್ಮದಾಗ್ಲಿ, ನಂದೇನು" ಎನ್ನುತ್ತಿದ್ದರು. ಮದುವೆಯಾಗಿ ಬಂದ ವರ್ಷ ಕಾಜಾಳಿಗೆ ಇದು ದೊಡ್ಡ ಗುಣವಾಗಿ ಕಂಡಿತ್ತು. ಮನೆಯಲ್ಲಿ ಒಂದು ಕುರ್ಚಿ ಸದಾ ಕಡಿಮೆಯೇ ಇತ್ತು ಎಂಬುದು ಅವಳ ಲಕ್ಷ್ಯಕ್ಕೆ ಬಂದದ್ದು ಎಷ್ಟೋ ಕಾಲದ ಮೇಲೆ. ಸೊಸೆಯಾದ ಅವಳ ಜಾಗ ಅತ್ತೆಯ ಹಿಂದೆ, ಒಲೆಯ ಮುಂದೆ. ಅಲ್ಲಿಗೆ ಕುರ್ಚಿಯ ಮಾತೇ ಇರಲಿಲ್ಲ.

ಎರಡು ವರ್ಷದ ಹಿಂದೆ ಕ್ರಿಸ್ಮಸ್ ದಿನ ಕಾಜಾ ಹಿತ್ತಲಲ್ಲಿ ದೊಡ್ಡ ಪಾತ್ರೆಗಳನ್ನು ಉಜ್ಜುತ್ತಿದ್ದಳು. ಒಳಗೆ ಊಟ ನಡೆದಿತ್ತು. ಅವಳು ಪಾತ್ರೆ ಎತ್ತಿಕೊಂಡು ಒಳಬಂದಾಗ ಅತ್ತೆ ಚೌಕಟ್ಟಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದರು, ಸೌಟು ಮಡಿಲಲ್ಲಿತ್ತು. ಊಟದ ಹೊತ್ತಿನಲ್ಲಿ ಅತ್ತೆ ಕೂತದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಜೀವ ಹೋಗಿತ್ತು. ಎಷ್ಟು ಹೊತ್ತಾಗಿತ್ತೋ ಯಾರಿಗೂ ತಿಳಿಯದು. ಮೇಜಿನಲ್ಲಿ ಗಂಡ ಯಾವುದೋ ಜೋಕು ಹೇಳುತ್ತಿದ್ದ, ಮಕ್ಕಳು ನಗುತ್ತಿದ್ದರು.

ಆ ದಿನದ ಬಗ್ಗೆ ಗಂಡ ಆಮೇಲೆ ಒಂದು ಮಾತೂ ಆಡಿಲ್ಲ. ಬಸ್ಸು ಓಡಿಸುವವನು ಅವನು. ಇಡೀ ದಿನ ಕನ್ನಡಿಯಲ್ಲಿ ಹಿಂದಿನದನ್ನು ನೋಡುತ್ತಲೇ ಮುಂದೆ ಹೋಗುವ ಕೆಲಸ. ಮನೆಯಲ್ಲಿ ಅವನ ಕುರ್ಚಿ ಇರುವುದು ಅಡಿಗೆಮನೆಗೆ ಬೆನ್ನು ಹಾಕಿ. ಆ ದಿನದ ನಂತರ ಅವನು ಕೂತಲ್ಲಿಂದ ಒಮ್ಮೆಯೂ ಹಿಂದೆ ತಿರುಗಿದ್ದಿಲ್ಲ.

ಕಳೆದ ವರ್ಷ ಆ ಜಾಗದಲ್ಲಿ ನಿಂತದ್ದು ಕಾಜಾ. ನಿಲ್ಲಬೇಕೆಂದು ಯಾರೂ ಹೇಳಲಿಲ್ಲ, ಕಾಲುಗಳೇ ಕರೆದೊಯ್ದವು. ಒರಗಿದರೆ ಮರ ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ. ಮಗ "ನೀನೂ ಕೂತ್ಕೋಮ್ಮ" ಅಂದ. "ಮೊದಲು ನಿಮ್ಮದಾಗ್ಲಿ, ನಂದೇನು" ಎಂಬ ಉತ್ತರ ಬಂತು. ಅವಳದೇ ಬಾಯಿಂದ ಬಂತು, ಆದರೆ ದನಿ ಅವಳದಾಗಿರಲಿಲ್ಲ. ಮೇಜಿನಲ್ಲಿದ್ದವರ ಕೈಗಳೆಲ್ಲ ಒಂದು ಗಳಿಗೆ ನಿಂತವು. ಅಂದಿನಿಂದ ಅವಳಿಗೆ ಒಂದು ಖಾತ್ರಿಯಾಯಿತು: ಮತ್ತೊಮ್ಮೆ ಅಲ್ಲಿ ನಿಂತರೆ ತಾನೂ ಹಾಗೇ ಜಾರಿ ಕೂರುತ್ತೇನೆ, ಇವರು ಹೀಗೇ ತಿನ್ನುತ್ತಿರುತ್ತಾರೆ.

ಅದಕ್ಕೇ ಈ ವರ್ಷ ಕಾರ್ಖಾನೆಯಲ್ಲಿ ಕಾಲು ಅಲ್ಲಾಡುತ್ತದೆಂದು ಮೂಲೆಗೆಸೆದಿದ್ದ ಸ್ಟೂಲೊಂದನ್ನು ಕೇಳಿ ತಂದಳು.

"ಇದೇನೇ, ಫ್ಯಾಕ್ಟರೀನೇ ಮನೆಗೆ ಹೊತ್ಕೊಂಡು ಬಂದೆ?" ಎಂದ ಗಂಡ.

"ಕ್ರಿಸ್ಮಸ್ ದಿನ ನಾನು ಎಲ್ಲರ ಜೊತೆ ಕೂತು ಉಣ್ತೀನಿ."

"ಕೂತ್ಕೊಳ್ಳೇ ಮಾರಾಯ್ತಿ, ಬೇಡಾಂದೋರು ಯಾರು?" ಗಂಡ ನಕ್ಕ. ಸ್ವಲ್ಪ ಹೊತ್ತಾದ ಮೇಲೆ ನಿಜವಾದ ಸಂದೇಹವೇ ಬಂದವನಂತೆ ಕೇಳಿದ: "ಮತ್ತೆ ಬಡಿಸೋರು ಯಾರು?"

"ಎಲ್ರಿಗೂ ದೇವರು ಎರಡೆರಡು ಕೈ ಕೊಟ್ಟಿದಾನಲ್ಲ ರೀ."

ಹಬ್ಬಕ್ಕೆ ಮಗಳು ರಜೆ ಹಾಕಿ ಬಂದಳು. ದೊಡ್ಡ ಆಸ್ಪತ್ರೆಯಲ್ಲಿ ನರ್ಸು ಅವಳು, ಮಾತು ಸೂಜಿಯಷ್ಟೇ ಚೂಪು. ಲೇತ್ ಕೆಲಸದ ಮಗ ಹೊಸ ಹೆಂಡತಿಯನ್ನು ಕರೆದುಕೊಂಡು ಬಂದ. ಶಾಲೆಯಲ್ಲಿ ಪಾಠ ಹೇಳುವ ಹುಡುಗಿ; ಗಂಡನ ಮನೆಯಲ್ಲಿ ಅವಳಿಗಿದು ಮೊದಲ ಕ್ರಿಸ್ಮಸ್. ಬಂದವಳೇ ಚಪ್ಪಲಿ ಬಿಡುವಷ್ಟರಲ್ಲಿ "ಅತ್ತೆ, ನಾನೇನು ಮಾಡ್ಲಿ?" ಎಂದು ಕೇಳಿದಳು. ಆ ಪ್ರಶ್ನೆಯನ್ನು ಆ ಮನೆಯ ಗಂಡಸರು ಕೇಳಿದ್ದು ಯಾರಿಗೂ ನೆನಪಿಲ್ಲ.

ಆ ವಾರವಿಡೀ ಮನೆಯಲ್ಲಿ ಕೆಲಸ ಹೇಗೆ ಹಂಚಿಹೋಯಿತೆಂದರೆ, ಕಣ್ಣಿಗೆ ಕಾಣುವ ಕೆಲಸವೆಲ್ಲ ಗಂಡಸರಿಗೆ ಬಂತು. ಅಪ್ಪ, ಮಗ ಸೇರಿ ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಕಟ್ಟಿದರು. ಹುಲ್ಲು ಹಾಸಿ, ಕುರುಬರನ್ನೂ ಕುರಿಗಳನ್ನೂ ನಿಲ್ಲಿಸಿ, ನಕ್ಷತ್ರಕ್ಕೆ ದೀಪ ಹಾಕಿದರು. ಬಂದವರೆಲ್ಲ "ಆಹಾ, ಎಷ್ಟು ಚೆನ್ನಾಗಿದೆ" ಎಂದರು. ಅದಕ್ಕೂ ಮುಂಚೆ ಆ ಮೂಲೆಯ ಜೇಡರಬಲೆ ತೆಗೆದದ್ದು, ಪರದೆ ಒಗೆದದ್ದು, ಕುರಿಗಳ ಮೇಲಿನ ಧೂಳನ್ನು ಒಂದೊಂದಾಗಿ ಹಳೇ ಬ್ರಷ್ಷಿನಲ್ಲಿ ಕೊಡವಿದ್ದು ಯಾರ ಕಣ್ಣಿಗೂ ಬೀಳಲಿಲ್ಲ; ಮಾಡದೆ ಬಿಟ್ಟಿದ್ದರೆ ಮಾತ್ರ ಬೀಳುತ್ತಿತ್ತು. ಕಾಜಾ ಒಣದ್ರಾಕ್ಷಿ ಹೆಚ್ಚಿ, ಹಿಟ್ಟು ಜರಡಿ ಹಿಡಿದು, ಕೇಕಿನ ಮಿಶ್ರಣವನ್ನು ತೋಳು ಸೋಲುವವರೆಗೆ ತಿರುವಿದಳು.

ಗಂಡ ಚೌಕಟ್ಟಿಗೆ ಬಣ್ಣವನ್ನೂ ಬಳಿದ. ಅತ್ತೆಯ ಭುಜ ತಾಕುತ್ತಿದ್ದ ಎತ್ತರದಲ್ಲಿ ಎಣ್ಣೆಜಿಡ್ಡಿನ ಒಂದು ಕಪ್ಪು ಗುರುತಿತ್ತು. ಬಳಿದ ದಿನ ಮಾಯವಾಯಿತು, ಮರುದಿನ ಬಿಳಿ ಬಣ್ಣದೊಳಗಿಂದ ಮೆಲ್ಲಗೆ ಮೇಲೆದ್ದಿತು. ಅವನು ಮತ್ತೊಂದು ಸಲ ಬಳಿದ. ಮತ್ತೆ ಎದ್ದಿತು. ಮೂರನೇ ಸಲ ಬ್ರಷ್ಷನ್ನು ಮುಟ್ಟಲಿಲ್ಲ.

"ಅಮ್ಮಾ, ಅದೇನು ಏಡಿ ಥರ ಅಡ್ಡಡ್ಡ ನಡೀತೀಯ ಆ ಬಾಗಿಲಲ್ಲಿ?" ಮಗಳು ಗಮನಿಸಿಬಿಟ್ಟಿದ್ದಳು. ಚೌಕಟ್ಟಿಗೆ ಮೈ ತಾಗಬಾರದೆಂದು ಅಮ್ಮ ಪಕ್ಕಕ್ಕೆ ತಿರುಗಿ ದಾಟುತ್ತಿದ್ದಳು.

ಕಾಜಾ ತನ್ನ ಹೆದರಿಕೆಯನ್ನು ಹೇಳಿದಳು. ಮಗಳು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಅಜ್ಜಿಗೆ ಹೃದಯ ನಿಂತುಹೋಯ್ತು ಅಮ್ಮ. ಮರ ಏನು ಮಾಡುತ್ತೆ?"

"ಹೃದಯ ಒಂದು ಸಲ ನಿಂತಿತು ಕಣೇ. ಅವರು ಜೀವಮಾನ ಪೂರ್ತಿ ನಿಂತಿದ್ರು."

ಮಗಳು ಮೂಗು ಒರೆಸಿಕೊಂಡಳು. ಈರುಳ್ಳಿಗೋ ಮತ್ತೇತಕ್ಕೋ. "ನಾನು ಅವತ್ತು ಎದುರಿಗೇ ಕೂತಿದ್ದೆ" ಎಂದಳು. "ನಾನು ನರ್ಸು. ಎದುರಿಗೇ ಕೂತಿದ್ದೆ, ತಲೆ ಎತ್ತಿ ನೋಡ್ಲಿಲ್ಲ."

ಮನೆಮನೆಗೆ ಹೋಗಿ ಕ್ರಿಸ್ಮಸ್ ಕ್ಯಾರಲ್ ಹಾಡುವವರು ಬಂದ ಸಂಜೆ ಇನ್ನೊಂದು ಘಟನೆಯಾಯಿತು. ಗಿಟಾರು, ಟೋಪಿ, ಮಕ್ಕಳು, ಮನೆ ತುಂಬ ಗದ್ದಲ. ಸೊಸೆ ಕಾಫಿಯ ತಟ್ಟೆ ಹಿಡಿದು ಅಡಿಗೆಮನೆಯಿಂದ ಬಂದಳು. ಹಾಡು ಮುಗಿಯಲೆಂದು ಚೌಕಟ್ಟಿನ ಬಳಿ ನಿಂತಳು. ನಿಂತವಳು ಮೆಲ್ಲಗೆ ಎಡಭುಜ ಒರಗಿಸಿ, ಒಂದು ಪಾದದ ಮೇಲೆ ಇನ್ನೊಂದು ಪಾದವಿಟ್ಟು ಭಾರ ಬದಲಿಸಿದಳು. ಕಾಜಾಳ ಅತ್ತೆ ಹಾಗೇ ಪಾದ ಬದಲಿಸುತ್ತಿದ್ದರು. ಈ ಹುಡುಗಿ ಅವರನ್ನು ಕಂಡವಳೇ ಅಲ್ಲ.

"ಅಲ್ಲಿ ನಿಲ್ಬೇಡ!" ಕಾಜಾ ಕಿರುಚಿದಳು. ಗಿಟಾರು ನಿಂತಿತು. ಸೊಸೆಯ ಕೈಯ ಕಪ್ಪುಗಳು ಗಲಗಲ ಎಂದವು.

"ಏನಾಯ್ತು ಅತ್ತೆ, ನಾನೇನು ತಪ್ಪು ಮಾಡಿದೆ?"

"ಏನಿಲ್ಲ ಬಿಡೇ, ಅದು ಅಜ್ಜಿಯ ರಿಸರ್ವ್ ಸೀಟು" ಎಂದ ಮಗ. ಬಂದವರು ನಕ್ಕರು. ಗಂಡ ಎದ್ದು ಹೊರಗೆ ಹೋಗಿ ನಕ್ಷತ್ರದ ಬಲ್ಬು ಸರಿಮಾಡತೊಡಗಿದ. ಅದು ಸರಿಯಾಗಿಯೇ ಉರಿಯುತ್ತಿತ್ತು. ಕಾಜಾ ಮಾತ್ರ ಸೊಸೆಯ ಭುಜವನ್ನೇ ನೋಡುತ್ತಿದ್ದಳು. ತಾನು ಸ್ಟೂಲಿನಲ್ಲಿ ಕೂತ ಮಾತ್ರಕ್ಕೆ ಆ ಜಾಗ ಖಾಲಿ ಉಳಿಯುವುದಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಅದಕ್ಕೆ ಇಂಥವಳೇ ಬೇಕೆಂದಿರಲಿಲ್ಲ. ಮನೆಯ ಹೆಂಗಸು ಒಬ್ಬಳಾದರೆ ಸಾಕಿತ್ತು.

ಕ್ರಿಸ್ಮಸ್ ದಿನ ಬೆಳಗಿನ ಪೂಜೆಗೆ ಎಲ್ಲರೂ ಚರ್ಚಿಗೆ ಹೋಗಿ ಬಂದರು. ಗಂಡ, ಮಗ ಅಂಗಿ ಬದಲಿಸಿ ಟೀವಿ ಹಾಕಿದರು. ಹೆಂಗಸರು ಹೊಸ ಸೀರೆಯ ಮೇಲೆಯೇ ಹಳೇ ಟವೆಲು ಸುತ್ತಿಕೊಂಡು ಅಡಿಗೆಗಿಳಿದರು. ಈ ಸಲ ಕಾಜಾ ಒಂದು ಉಪಾಯ ಮಾಡಿದ್ದಳು. ಹುರಿದ ಕೋಳಿ, ಆಲೂಗಡ್ಡೆ, ಅನ್ನ, ರೊಟ್ಟಿ, ಉಪ್ಪು, ಮೆಣಸಿನ ಪುಡಿ, ಚಮಚ, ಎಲ್ಲವನ್ನೂ ಮೇಜಿಗೇ ತಂದಿಟ್ಟಳು, ಮಧ್ಯೆ ಯಾರೂ ಏಳಬೇಕಾಗಬಾರದೆಂದು. ಎರಡೆರಡು ಸಲ ನೋಡಿಕೊಂಡಳು. ಸೊಸೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು ತಾನು ಸ್ಟೂಲಿನ ಮೇಲೆ ಕೂತಳು. ಸ್ಟೂಲು ಒಮ್ಮೆ ವಾಲಿ ನೆಲ ಹಿಡಿಯಿತು. ಗಂಡ ಊಟದ ಪ್ರಾರ್ಥನೆ ಹೇಳಿದ.

ಮೊದಲ ತುತ್ತು ನಾಲಿಗೆ ಸುಟ್ಟಿತು. ಹಬ್ಬದ ಅಡಿಗೆ ಇಷ್ಟು ಬಿಸಿಯಿರುತ್ತದೆಂದು, ತಾನೇ ಬೇಯಿಸಿದವಳಿಗೆ ಈಗ ತಿಳಿಯುತ್ತಿತ್ತು.

"ಹೆಂಗಿದೆ ಅಮ್ಮ ನಿನ್ನ ಅಡಿಗೆ?" ಮಗಳು ಕೆಣಕಿದಳು.

"ಪರವಾಗಿಲ್ಲ ಕಣೇ. ಉಪ್ಪು ಒಂದು ಚೂರು ಮುಂದೆ. ಇಷ್ಟು ವರ್ಷ ನೀವ್ಯಾರೂ ಹೇಳೇ ಇಲ್ವಲ್ಲ!"

ಎಲ್ಲರೂ ನಕ್ಕರು. ಆ ನಗು ಮುಗಿಯುವ ಮೊದಲೇ ಗಂಡ ತನ್ನ ಖಾಲಿ ಲೋಟವನ್ನೆತ್ತಿ ಬಲಭುಜದ ಮೇಲಿಂದ ಹಿಂದಕ್ಕೆ ಹಿಡಿದ. ತಲೆ ತಟ್ಟೆಯ ಮೇಲೆಯೇ ಇತ್ತು. ನೀರು ಬೇಕೆಂದರೆ ಅವನು ಹುಡುಗನಾಗಿದ್ದಾಗಿನಿಂದ ಹೀಗೆಯೇ. ಹಿಂದೆ ನಿಂತವರು ಲೋಟ ತೆಗೆದುಕೊಂಡು ತುಂಬಿ ಕೈಗಿಡುತ್ತಾರೆ. ಕಾಜಾ ಮೇಜಿನ ಮೇಲೆ ಕಣ್ಣಾಡಿಸಿದಳು. ನೀರಿನ ಜಗ್ಗು ಇರಲಿಲ್ಲ. ಆ ಮನೆಯಲ್ಲಿ ನೀರು ಎಂದೂ ಮೇಜಿಗೆ ಬಂದದ್ದೇ ಇಲ್ಲ, ಅದು ಹಿಂದೆ ನಿಂತವರ ಕೈಯಿಂದ ಬರುತ್ತಿತ್ತು. ಇಡೀ ಅಡಿಗೆಮನೆಯನ್ನು ಹೊತ್ತು ತಂದ ಮೂವರು ಹೆಂಗಸರಲ್ಲಿ ಒಬ್ಬಳಿಗೂ ಅದು ಹೊಳೆದಿರಲಿಲ್ಲ.

ಸೊಸೆ ಏಳಹೊರಟಳು. ಕಾಜಾ ಮೇಜಿನ ಕೆಳಗೆ ಅವಳ ಮೊಣಕಾಲನ್ನು ಬಿಗಿಯಾಗಿ ಹಿಡಿದಳು.

"ಅತ್ತೆ, ಮಾವಂಗೆ ನೀರು..."

"ಕೂತ್ಕೋ."

ಲೋಟ ಗಾಳಿಯಲ್ಲಿ ನಿಂತಿತ್ತು. ಮಗ ಅಗಿಯುವುದನ್ನು ನಿಲ್ಲಿಸಿದ. ಅಡಿಗೆಮನೆಯಲ್ಲಿ ರಬ್ಬರ್ ಚಪ್ಪಲಿ ನೆಲಕ್ಕೆ ಉಜ್ಜಿದ ಸದ್ದಾಯಿತು. ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು, ಎಲ್ಲರೂ ಇಲ್ಲೇ ಇದ್ದರು. ಗಂಡ ಕಾಯುತ್ತಿದ್ದ. ಆಮೇಲೆ ಲೋಟ ಚೂರೇ ಚೂರು ಕೆಳಕ್ಕೆ ಜಗ್ಗಿತು, ಯಾರೋ ಹಿಡಿದುಕೊಂಡ ಹಾಗೆ. ಗಂಡನ ಬೆರಳುಗಳು ಬಿಟ್ಟುಕೊಡಲು ಸಡಿಲವಾಗಿ, ತಟ್ಟನೆ ಮತ್ತೆ ಬಿಗಿದವು.

"ಯಾರು ಹಿಂದೆ?" ಎಂದು ಕೇಳಿದ. ತಿರುಗಲಿಲ್ಲ.

"ಯಾರೂ ಇಲ್ಲ ಅಪ್ಪ" ಎಂದಳು ಮಗಳು. ಅವಳ ದನಿ ನರ್ಸಿನ ದನಿಯಾಗಿರಲಿಲ್ಲ.

"ನೀರು ಒಳಗಿದೆ ರೀ" ಎಂದಳು ಕಾಜಾ. "ಎದ್ದು ಹೋಗಿ ತನ್ನಿ."

ಅವನು ಎದ್ದ. ಕುರ್ಚಿಯ ಬೆನ್ನು ಹಿಡಿದು, ಹಿಂದಕ್ಕೆ ಬಸ್ಸು ತಿರುಗಿಸುವವನಂತೆ ಇಂಚಿಂಚಾಗಿ ಮೈ ತಿರುಗಿಸಿದ. ಚೌಕಟ್ಟಿನಲ್ಲಿ ಯಾರೂ ಇರಲಿಲ್ಲ. ಒಳಗೆ ಹೋದ. ಪಾತ್ರೆಗಳು ಬಿದ್ದ ಸದ್ದು. "ಜಗ್ಗೆಲ್ಲಿರುತ್ತೇ?" "ಅಲ್ಲೇ, ಸಿಂಕಿನ ಮೇಲೆ. ಇಲ್ಲ ರೀ, ಎಡಗಡೆ." ಇದೇ ಮನೆಯಲ್ಲಿ ಹುಟ್ಟಿದವನು.

ಜಗ್ಗು ಹಿಡಿದು ಬಂದವನು ಚೌಕಟ್ಟಿನ ಬಳಿ ನಿಂತುಬಿಟ್ಟ. ಮೇಜನ್ನು ನೋಡುತ್ತ ನಿಂತ.

"ಇಲ್ಲಿಂದ ನನ್ನ ಮುಖಾನೇ ಕಾಣ್ತಿರ್ಲಿಲ್ಲ ಅಮ್ಮಂಗೆ" ಎಂದ. "ಬರೀ ಬೆನ್ನು. ಅವತ್ತೂ ಲೋಟ ಹಿಡಿದಿದ್ದೆ. ಯಾರೂ ತಗೊಳ್ಲಿಲ್ಲ. ಕಿವಿ ಸತ್ತಿದ್ಯಾಂತ ಬೈದೆ. ಆಮೇಲೆ ಆ ಜೋಕು ಹೇಳಿದೆ."

ಮಗ ತಲೆ ತಗ್ಗಿಸಿದ. ಆ ಜೋಕಿಗೆ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಗಂಡ ಒಬ್ಬೊಬ್ಬರ ಲೋಟಕ್ಕೂ ನೀರು ಹಾಕುತ್ತ ಬಂದ. ಬಡಿಸಿ ಅಭ್ಯಾಸವಿಲ್ಲದ ಕೈ, ಅರ್ಧ ಮೇಜಿನ ಬಟ್ಟೆಗೆ ಹೋಯಿತು. ಕಾಜಾಳ ಕೈ ತಾನಾಗಿ ಒರೆಸುವ ಬಟ್ಟೆಗೆ ತಡಕಾಡಿತು. ಅವಳು ಅದನ್ನು ಎಳೆದು ತೊಡೆಯ ಮೇಲಿಟ್ಟುಕೊಂಡಳು. ಎಲ್ಲರಿಗೂ ಹಾಕಿ ಮುಗಿಸಿ ಅವನು ಮತ್ತೆ ಚೌಕಟ್ಟಿನ ಹತ್ತಿರ ಹೋದ. ಜಗ್ಗನ್ನು ಎದೆಗೆ ಹಿಡಿದು ಅಲ್ಲೇ ನಿಂತ.

"ಮಾವ, ಬಂದು ಕೂತ್ಕೊಳ್ಳಿ" ಎಂದಳು ಸೊಸೆ. "ನಿಮ್ಮ ಕುರ್ಚಿ ಖಾಲಿ ಇದೆ."

"ಖಾಲಿ ಇಲ್ಲಮ್ಮ" ಎಂದ ಅವನು, ಮೆಲ್ಲಗೆ.

ಆ ಕುರ್ಚಿಯ ಕಡೆ ನೋಡಲು ಯಾರಿಗೂ ಧೈರ್ಯವಾಗಲಿಲ್ಲ. ಕಾಜಾ ಮಾತ್ರ ನೋಡಿದಳು. ಆಮೇಲೆ ತನ್ನ ಮುಂದಿದ್ದ ಕೋಳಿಯ ಬಟ್ಟಲನ್ನು ಆ ಕುರ್ಚಿಯ ಕಡೆಗೆ, ಅತ್ತೆಯ ಕೈಗೆಟುಕುವ ಹಾಗೆ ಸರಿಸಿಟ್ಟು ತಾನು ಉಣ್ಣತೊಡಗಿದಳು. ಅನ್ನ ಇನ್ನೂ ಆರಿರಲಿಲ್ಲ.