ಪಿಲ್ಫರ್ ಪದಕ್ಕೊಂದು ಉದಾಹರಣೆ

ಹೊನ್ನಾವರದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಇಂಗ್ಲಿಷ್ ಅಕ್ಕೋರು ಅತಿಥಿ ಶಿಕ್ಷಕಿ. ಮುಂದಿನ ವರ್ಷ ಅವರು ಇರಬೇಕೋ ಬೇಡವೋ ಎಂಬುದು ಹೆಡ್‌ಮಾಸ್ತರರ ಕೈಯಲ್ಲಿತ್ತು. ಯಾವ ಪದ ಕಲಿಸಿದರೂ ಅಕ್ಕೋರು ಉದಾಹರಣೆ ಕೇಳುತ್ತಿದ್ದರು. ಕೇಳುವಾಗ ಸೀಮೆಸುಣ್ಣವನ್ನು ಅಂಗೈಗಳ ನಡುವೆ ಹೊಸೆಯುತ್ತಿದ್ದರು. ಪುಸ್ತಕದ ವಾಕ್ಯ ಒಪ್ಪಿಸಿದರೆ, "ಅದು ಲಂಡನ್ನಿಂದು. ನೀನು ಕಂಡದ್ದು ಹೇಳು" ಎನ್ನುತ್ತಿದ್ದರು.

ಒಂದು ದಿನ 'ಪಿಲ್ಫರ್' ಬಂತು. ಅದೂ ಕದಿಯುವುದೇ, ಆದರೆ ದರೋಡೆಯಲ್ಲ. ತನ್ನ ಸುಪರ್ದಿಯಲ್ಲಿರುವುದನ್ನೇ, ಯಾರ ಗಮನಕ್ಕೂ ಬಾರದಂತೆ, ಚೂರುಚೂರಾಗಿ ಎತ್ತುವುದು ಎಂದು ವಿವರಿಸಿದರು.

ನನ್ನ ಪಕ್ಕದ ಹುಡುಗಿ ಎದ್ದು ನಿಂತಳು. "ಹೆಡ್‌ಮಾಸ್ತರ್ರು ನಮ್ಮ ಬಿಸಿಯೂಟದ ಮೊಟ್ಟೆ ಪಿಲ್ಫರ್ ಮಾಡ್ತ್ರು, ಅಕ್ಕೋರೆ."

ತರಗತಿ ನಕ್ಕಿತು. ಅಕ್ಕೋರು ನಗಲಿಲ್ಲ. "ಎಂತ ಕಂಡ್ಯೇ?"

"ಬೇಯ್ಸೂಕೆ ಮೊದ್ಲೇ ಚೀಲಕ್ಕೆ ಹಾಕ್ಕಂತ್ರು. ಕಡಿಗೆ ಕೂತೋರಿಗೆ ಮುಗೀತು ಅಂತ್ರು."

ಅಕ್ಕೋರು ಅವಳ ಪಿಲ್ಫರ್ ವಾಕ್ಯವನ್ನು ಇಂಗ್ಲಿಷಿನಲ್ಲಿ ಹಲಗೆಯ ಮೇಲೆ ಬರೆದು ಮುಗಿಸುವಷ್ಟರಲ್ಲಿ ಹೆಡ್‌ಮಾಸ್ತರರು ಬಾಗಿಲಿಗೆ ಬಂದಿದ್ದರು.

"ಇದೆಂತದು? ಅಳಸಿ."

"ಉದಾಹರಣೆ, ಸರ್. ಸುಳ್ಳಾದ್ರೆ ಹೇಳಿ, ಅಳಸ್ತೆ."

ಆ ಧೈರ್ಯ ಅವರಿಗೆ ಎಲ್ಲಿಂದ ಬಂದಿತೆಂಬ ಕುತೂಹಲ ನನಗೆ ಇಂದಿಗೂ ಇದೆ. ಸುಳ್ಳು ಎಂಬ ಮಾತನ್ನು ಹೆಡ್‌ಮಾಸ್ತರರು ಆಡಲಿಲ್ಲ. "ಮುಂದಿನ ವರ್ಷಕ್ಕೆ ನಿಮ್ಮ ಹೆಸ್ರು ಕಳ್ಸೂದಿಲ್ಲ" ಎಂದರು. ಒಳಬಂದು ಹಲಗೆಯನ್ನು ಬರಿಗೈಯಿಂದಲೇ ಒರೆಸಿ ಹೋದರು.

ಅಕ್ಕೋರು ನಮ್ಮ ಕಡೆ ತಿರುಗಿದರು. "ಎಲ್ಲಾ ಬರ್ಕಂಡಾತಾ?"

"ಆತು, ಅಕ್ಕೋರೆ!" ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು.